ಸಹರೋಗಿ ಹುದ್ದೆ ಹುಟ್ಟಿದ ಬಗೆ

ಸ್ವಾಸ್ಥ್ಯ ಭವನದ ನೌಕರನಿಗೆ ಒಂದು ಕಾಯಿಲೆಗೆ ಒಂದೇ ಔಷಧಿ ಸಾಕು ಎಂಬುದು ಭವನಕ್ಕೆ ಅಡಿಗಲ್ಲು ಹಾಕಿದಾಗಲೇ ತೀರ್ಮಾನವಾಗಿತ್ತು. ಒಂದು ಕಾಯಿಲೆಗೆ ಎರಡು ಔಷಧಿ ಬೇಕಾದಲ್ಲಿ ಅದನ್ನು ಎರಡು ಕಾಯಿಲೆಯೆಂದೇ ಭಾವಿಸತಕ್ಕದ್ದು. ಎರಡು ಕಾಯಿಲೆ ಉಳ್ಳವನನ್ನು ಕೆಲಸಕ್ಕೆ ಬಾರದವನೆಂದು ಭಾವಿಸತಕ್ಕದ್ದು. ಈ ನಿಯಮದ ದೆಸೆಯಿಂದ ಭವನದಲ್ಲಿ ಬಹಳ ವರ್ಷ ಯಾರಿಗೂ ಎರಡನೇ ಕಾಯಿಲೆ ಬಂದಿರಲಿಲ್ಲ. ಬಂದವರು ಬಾಯಿ ಬಿಟ್ಟಿರಲಿಲ್ಲ.

ಈ ನೆಮ್ಮದಿಗೆ ಕಲ್ಲು ಹಾಕಿದವನು ಲಿಫ್ಟಣ್ಣ.

ಭವನದ ಲಿಫ್ಟು ಹಳೆಯ ಕಾಲದ್ದು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ, ಹಿತ್ತಾಳೆ ಹಿಡಿ, ಮೂಲೆಯಲ್ಲೊಂದು ಮರದ ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಲಿಫ್ಟಣ್ಣ ಹರೆಯವನ್ನೆಲ್ಲ ಮೇಲೆ ಕೆಳಗೆ ಮಾಡಿ ಕಳೆದಿದ್ದ. ಹಿಡಿಯನ್ನು ಅವನು ಬಿಟ್ಟರೆ ಲಿಫ್ಟು ಮಹಡಿಯ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತಿರಲಿಲ್ಲ. ಬೇರೆಯವರು ಮುಟ್ಟಿದ ದಿನ ಜನ ಒಂದು ಮೊಳ ಮೇಲೆ ಹತ್ತಿ, ಇಲ್ಲವೇ ಒಂದು ಮೊಳ ಕೆಳಗೆ ಧುಮುಕಿ ಕಚೇರಿ ಸೇರಬೇಕಾಗಿತ್ತು. ಸಾಹೇಬರುಗಳು ಲಿಫ್ಟಿನೊಳಗೆ ಎಲ್ಲ ಗುಟ್ಟನ್ನೂ ಮಾತಾಡುತ್ತಿದ್ದರು. ಕೊಡೆಯೊಳಗೆ ಕಡ್ಡಿ ಇದ್ದ ಹಾಗೆ ಲಿಫ್ಟಿನೊಳಗೆ ಲಿಫ್ಟಣ್ಣ ಇರುತ್ತಾನೆ, ಅದಕ್ಕೇನು ಕಿವಿಯೇ ಎಂಬುದು ಅವರ ಎಣಿಕೆ.

ನೆಲಮಹಡಿಯ ಚಿಕಿತ್ಸಾ ಕೊಠಡಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಒಂದು ಬೆಳಿಗ್ಗೆ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು. ಬಿಚ್ಚಿ ಮತ್ತೆ ಸುತ್ತಿದರು. ಆಮೇಲೆ ಆ ಪಟ್ಟಿಯನ್ನು ತಮ್ಮ ತೋಳಿಗೇ ಸುತ್ತಿಕೊಂಡು, ಯಂತ್ರ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡರು.

"ತಲೆನೋವು ಬರತ್ತಾ?"

"ನಾಲ್ಕನೇ ಮಹಡಿಯವರು ಹತ್ತಿದಾಗ ಬರತ್ತೆ ಮೇಡಂ."

"ನೋಡಿ, ಒಂದೇ ಮಾತ್ರೆಯಲ್ಲಿ ನಿಮ್ಮ ಬಿಪಿ ಇಳೀತಾ ಇಲ್ಲ. ಡೋಸು ಏರಿಸಿದೆ, ಕಾಲು ಊದಿಕೊಳ್ತು. ಇನ್ನೊಂದು ಮಾತ್ರೆ ಸೇರಿಸಬೇಕು. ಒಂದು ರಕ್ತನಾಳ ಸಡಿಲ ಮಾಡತ್ತೆ, ಇನ್ನೊಂದು ಮೈಯಲ್ಲಿರೋ ಹೆಚ್ಚಿನ ಉಪ್ಪು, ನೀರು ಹೊರಗೆ ಹಾಕತ್ತೆ. ಬೀರು ಎತ್ತೋಕೆ ಇಬ್ಬರು ಕೈ ಹಾಕಿದ ಹಾಗೆ. ಒಬ್ಬನೇ ಎತ್ತಿದರೆ ಸೊಂಟ ಹಿಡಿಯತ್ತೆ."

"ಎತ್ತದೇ ಇದ್ದರೆ?"

"ಎತ್ತದೇ ಇದ್ದರೆ ಒಂದು ದಿನ ಬಾಯಿ ಸೊಟ್ಟ ಆಗತ್ತೆ, ಕೈ ಬಿದ್ದುಹೋಗತ್ತೆ. ಹಿಡಿ ತಿರುಗಿಸೋ ಕೈನೇ ಹೋಗಬಹುದು."

ಲಿಫ್ಟಣ್ಣ ತನ್ನ ಬಲಗೈಯನ್ನು ನೋಡಿಕೊಂಡ. ಅಂಗೈಯಲ್ಲಿ ಹಿತ್ತಾಳೆಯ ವಾಸನೆ ನಿಂತುಬಿಟ್ಟಿದ್ದ ಕೈ ಅದು. ಸಾಲದ್ದಕ್ಕೆ ಲಿಫ್ಟಿನ ತಪಾಸಣೆ ಹತ್ತಿರ ಬರುತ್ತಿತ್ತು. ಆ ದಿನ ಲಿಫ್ಟಿನ ಹಗ್ಗವನ್ನೂ ಲಿಫ್ಟಿನವನ ರಕ್ತದೊತ್ತಡವನ್ನೂ ಒಟ್ಟಿಗೆ ಪರೀಕ್ಷಿಸುವುದು ಪದ್ಧತಿ. ಹಗ್ಗ ಕೆಟ್ಟಿದ್ದರೆ ಹೊಸದು ತರುತ್ತಿದ್ದರು. ಮನುಷ್ಯ ಕೆಟ್ಟಿದ್ದರೆ ನೆಲಮಾಳಿಗೆಗೆ, ಮುರಿದ ಕುರ್ಚಿಗಳ ಕಾವಲಿಗೆ ಕಳಿಸುತ್ತಿದ್ದರು. ಅಲ್ಲಿಗೆ ಹೋದವರು ಕ್ರಮೇಣ ಕುರ್ಚಿಗಳ ಲೆಕ್ಕಕ್ಕೇ ಸೇರಿಬಿಡುತ್ತಿದ್ದರು.

"ನಾನೇ ಹೊರಗಡೆ ಅಂಗಡಿಯಲ್ಲಿ ಕೊಂಡ್ಕೋಬಹುದಲ್ಲ?" ಎಂದ.

ಡಾಕ್ಟರಮ್ಮನ ಪಕ್ಕದಲ್ಲಿದ್ದ ಔಷಧಿ ವಿತರಕ ತಲೆಯೆತ್ತದೆ ನಿಯಮ ಹೇಳಿದ: "ಹೊರಗೆ ಕೊಂಡ ಔಷಧಿಯಿಂದ ಇಳಿದ ಒತ್ತಡವನ್ನು ಇಳಿದದ್ದೆಂದು ಪರಿಗಣಿಸತಕ್ಕದ್ದಲ್ಲ."

ಹೀಗಾಗಿ ಡಾಕ್ಟರಮ್ಮನ ಶಿಫಾರಸು ನಾಲ್ಕನೇ ಮಹಡಿಗೆ, ಉಪನಿರ್ದೇಶಕರ ಮೇಜಿಗೆ ಹೋಯಿತು. ಉಪನಿರ್ದೇಶಕರು ಕೆಟ್ಟವರಲ್ಲ. ಯಾರ ಕೆಲಸವನ್ನೂ ಆಗುವುದಿಲ್ಲ ಎಂದು ಅವರು ತಳ್ಳಿಹಾಕಿದ್ದೇ ಇಲ್ಲ. ಅದು ಆಗುವುದಕ್ಕೆ ಇನ್ನೇನೇನು ಆಗಬೇಕು ಎಂದಷ್ಟೇ ಹೇಳುತ್ತಿದ್ದರು. ಮಾರನೆಯ ದಿನ ಅವರೂ ಡಾಕ್ಟರಮ್ಮನೂ ಲಿಫ್ಟಿನಲ್ಲಿ ಜೊತೆಯಾದರು. ಲಿಫ್ಟಣ್ಣ ಹಿಡಿ ತಿರುಗಿಸಿ, ಎಂದಿಗಿಂತ ನಿಧಾನಕ್ಕೆ ಬಿಟ್ಟ.

"ಒಂದು ತಲೆಗೆ ಎರಡು ಟೋಪಿ ಕೊಡೋಕಾಗತ್ತಾ ಡಾಕ್ಟ್ರೇ?"

"ಒಬ್ಬ ಮನುಷ್ಯನಿಗೆ ಎರಡು ಚಪ್ಪಲಿ ಕೊಡ್ತೀವಲ್ಲ ಸರ್."

ಉಪನಿರ್ದೇಶಕರು ಎರಡನೇ ಮಹಡಿಯಿಂದ ನಾಲ್ಕನೆಯದರವರೆಗೆ ಯೋಚಿಸಿದರು. "ಕಾಲು ಎರಡಿವೆ, ಅದಕ್ಕೆ. ಇಲ್ಲಿ ರೋಗಿ ಒಬ್ಬನೇ. ಎರಡನೇ ರೋಗಿ ಒಬ್ಬರು ಇದ್ದರೆ ಎರಡನೇ ಮಾತ್ರೆ ಕೊಡೋಕೆ ನನ್ನ ಅಭ್ಯಂತರ ಇಲ್ಲ." ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಸ್ಟೂಲಿನ ಕಡೆ ತಿರುಗಿದರು. "ಮದುವೆ ಆಗಿದೆಯೇನಪ್ಪ?"

ಲಿಫ್ಟಣ್ಣನಿಗೆ ಮದುವೆಯಾಗಿತ್ತು. ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಮೈದಾನದ ಈ ತುದಿಯಲ್ಲಿ ಸೀಟಿ ಊದಿದರೆ ಆ ತುದಿಯ ಮನೆಗಳಲ್ಲಿ ಮಲಗಿದ್ದವರು ಎದ್ದು ಕೂರುತ್ತಿದ್ದರು. ಬಸ್ಸು ತಪ್ಪಿದರೆ ಅವಳು ಮುಂದಿನ ಬಸ್ಸಿಗೆ ಕಾಯುತ್ತಿರಲಿಲ್ಲ. ತಪ್ಪಿದ ಬಸ್ಸನ್ನೇ ಮುಂದಿನ ನಿಲ್ದಾಣದಲ್ಲಿ ಹಿಡಿಯುತ್ತಿದ್ದಳು.

ಆ ಸಂಜೆ ಅವನು ವಿಷಯ ತೆಗೆದಾಗ ಅವಳು ಬಟ್ಟೆ ಮಡಿಸುತ್ತಿದ್ದಳು.

"ನನಗೆ ಬಿಪಿನಾ?"

"ಸುಮ್ಮನೆ ಹೆಸರಿಗೆ."

"ಕೆಡೋದೂ ಹೆಸರೇ ತಾನೆ?" ಎಂದಳು. ಆಮೇಲೆ ಗಂಡನ ಮುಖ ನೋಡಿದಳು. ಊದಿದ ಕಾಲನ್ನು ನೋಡಿದಳು. ಮಡಿಸಿದ ಅಂಗಿಯನ್ನೇ ಮತ್ತೊಂದು ಸಲ ಮಡಿಸಿದಳು. "ನಾಳೆ ಎಷ್ಟು ಹೊತ್ತಿಗೆ ಬರಬೇಕು ಹೇಳಿ."

ಡಾಕ್ಟರಮ್ಮ ಅವಳ ಒತ್ತಡ ನೋಡಿ, ಇದು ಸರಿಯಾಗಿಯೇ ಇದೆ, ಇವರಿಗೆ ಕಾಯಿಲೆಯಿಲ್ಲ ಎಂದು ಬರೆದು ಕಳಿಸಿದರು. ಉಪನಿರ್ದೇಶಕರು ಕೂಡಲೇ ಕೆಳಗಿಳಿದು ಬಂದರು.

"ಔಷಧಿ ಕೊಡೋಕೆ ಮುಂಚೆನೇ ಸರಿಹೋಗಿದೆ ಅಂದರೆ ಚಿಕಿತ್ಸೆ ಎಷ್ಟು ಚುರುಕಾಗಿದೆ ನೋಡಿ. ಇದನ್ನ ನಿಲ್ಲಿಸಬಾರದು."

ಡಾಕ್ಟರಮ್ಮ ಬಾಯಿ ತೆರೆದರು. ಬಾಗಿಲ ಬಳಿ ಕಾಲು ಎಳೆದುಕೊಂಡು ಬಂದು ನಿಂತಿದ್ದ ಲಿಫ್ಟಣ್ಣ ಕಣ್ಣಿಗೆ ಬಿದ್ದ. ಅವನ ರಕ್ತನಾಳಕ್ಕಿಂತ ತನ್ನ ಸಹಿ ದೊಡ್ಡದಲ್ಲ ಎಂದು ತೆರೆದ ಬಾಯಿ ಮುಚ್ಚಿ ಸಹಿ ಹಾಕಿದರು. ನಾಳ ಸಡಿಲಿಸುವ ಮಾತ್ರೆ ಗಂಡನ ಹೆಸರಿಗೂ ನೀರು ಇಳಿಸುವ ಮಾತ್ರೆ ಹೆಂಡತಿಯ ಹೆಸರಿಗೂ ಮಂಜೂರಾಯಿತು. ಎರಡನ್ನೂ ಗಂಡನೇ ನುಂಗಿದ. ಕೆಲವು ವಾರಗಳಲ್ಲಿ ಅವನ ಒತ್ತಡ ಇಳಿಯಿತು, ಕಾಲಿನ ಊತವೂ ಇಳಿಯಿತು. ತಪಾಸಣೆಯಲ್ಲಿ ಹಗ್ಗ ನಪಾಸಾಯಿತು, ಅವನು ಪಾಸಾದ.

ಇಷ್ಟಕ್ಕೇ ನಿಂತಿದ್ದರೆ ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎನ್ನಬಹುದಿತ್ತು. ಆದರೆ ಸ್ವಾಸ್ಥ್ಯ ಭವನ ತನ್ನ ರೋಗಿಗಳನ್ನು ಕೈಬಿಡುವ ಸಂಸ್ಥೆಯಲ್ಲ. ರೋಗಿಯು ಬೇರೆಡೆ ಉದ್ಯೋಗದಲ್ಲಿದ್ದರೆ ಆ ಸಂಸ್ಥೆಯನ್ನು ಎಚ್ಚರಿಸತಕ್ಕದ್ದು ಎಂಬ ನಿಯಮದಂತೆ ಶಾಲೆಗೆ ಸೂಚನೆ ಹೋಯಿತು: ಸದರಿ ಶಿಕ್ಷಕಿಯು ಓಡತಕ್ಕದ್ದಲ್ಲ, ಜಿಗಿಯತಕ್ಕದ್ದಲ್ಲ, ಸೀಟಿಯನ್ನು ಊದುವುದಿದ್ದಲ್ಲಿ ಮೃದುವಾಗಿ ಊದತಕ್ಕದ್ದು. ಮುಖ್ಯೋಪಾಧ್ಯಾಯಿನಿ ಕರುಣಾಳು. ಮೈದಾನದ ಅಂಚಿಗೆ ಕೈಯಿರುವ ಕುರ್ಚಿಯೊಂದನ್ನು ಹಾಕಿಸಿ, ಆಟದ ಟೀಚರನ್ನು ಕೂರಿಸಿ, ಕಾಲ ಮೇಲೆ ಶಾಲು ಹೊದಿಸಿದರು. ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಟೀಚರಿಗೆ ಕೇಳಿಸಬಾರದೆಂದು ಪಿಸುಮಾತಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಆಡಿದರು.

ಅವಳು ಮನೆಯಲ್ಲಿ ಸಂಜೆ ಹೊತ್ತು ಅಡುಗೆಮನೆಗೂ ಬಾಗಿಲಿಗೂ ನಡುವೆ ಸುಮ್ಮನೆ ಓಡಾಡತೊಡಗಿದಳು. ಒಲೆಯ ಮೇಲಿನ ಹಾಲು ನೋಡಲು ಹೋದವಳು ಹಾಲು ಇಳಿಸಿದ ಮೇಲೂ ಓಡಾಡುತ್ತಲೇ ಇದ್ದಳು. ಲಿಫ್ಟಣ್ಣ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ತನ್ನ ಕಾಲಿನ ಊತ ಅವಳ ಕಾಲಿಗೆ ಕಟ್ಟಿದ ಗುಂಡಾಯಿತಲ್ಲ ಎಂದು ಬೇಯುತ್ತ, ಮಾರನೆಯ ದಿನ ಲಿಫ್ಟನ್ನು ನಾಲ್ಕನೇ ಮಹಡಿಯಲ್ಲಿ ನಿಲ್ಲಿಸಿ, ತಾನೇ ಹೊರಗಿಳಿದ. ಅವನು ಆ ಮಹಡಿಯ ನೆಲ ತುಳಿದದ್ದು ಅದೇ ಮೊದಲು.

"ಸರ್, ನನ್ನ ಹೆಂಡತಿಗೆ ಬಿಪಿ ಇಲ್ಲ."

"ಸಂತೋಷ. ಮಾತ್ರೆ ಕೆಲಸ ಮಾಡ್ತಾ ಇದೆ."

"ಆ ಮಾತ್ರೆ ಅವಳು ತಗೊಂಡೇ ಇಲ್ಲ ಸರ್. ನಾನು ತಗೊಂಡೆ."

"ನಿನ್ನ ಬಿಪಿ ಹೇಗಿದೆ?"

"ಕಂಟ್ರೋಲಲ್ಲಿದೆ ಸರ್."

"ಅವರದ್ದು?"

"ಅವಳದ್ದು ಮೊದಲಿಂದ್ಲೂ ಸರಿಯಾಗೇ ಇದೆ."

"ಇಬ್ಬರದ್ದೂ ಸರಿಯಾಗಿದೆ. ಇದರಲ್ಲಿ ದೂರು ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ."

"ಅವಳನ್ನ ಮೈದಾನಕ್ಕೆ ಬಿಡ್ತಾ ಇಲ್ಲ ಸರ್. ರೋಗಿಗಳ ಪೈಕಿ ಅವಳ ಹೆಸರು ತೆಗೆದುಬಿಡಿ. ನನ್ನನ್ನ ಬೇಕಾದ್ರೆ ನೆಲಮಾಳಿಗೆಗೆ ಹಾಕಿ."

ಉಪನಿರ್ದೇಶಕರಿಗೆ ನಿಜವಾಗಿಯೂ ಮರುಕವಾಯಿತು. ಕುಡಿಯಲು ನೀರು ಕೊಟ್ಟರು. "ಹೆಸರು ತೆಗೀಬೇಕಾದ್ರೆ ಗುಣ ಆಗಬೇಕಪ್ಪ. ಬಿಪಿ ಗುಣ ಆಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿಡೋ ಕಾಯಿಲೆ. ಬೇಕಾದ್ರೆ ಡಾಕ್ಟರಮ್ಮನ್ನೇ ಕೇಳು. ಇರೋ ಕಾಯಿಲೆನೇ ಗುಣ ಆಗಲ್ಲ ಅಂದಮೇಲೆ ಇಲ್ಲದ ಕಾಯಿಲೆ ಗುಣ ಆಗೋದು ಹೇಗೆ? ಗುಣ ಆಗೋಕೆ ಅಲ್ಲಿ ಏನೂ ಇಲ್ಲವಲ್ಲ."

ಲಿಫ್ಟಣ್ಣ ನೀರು ಕುಡಿದು ಲಿಫ್ಟಿಗೆ ವಾಪಸಾದ.

ಡಾಕ್ಟರಮ್ಮ ಮಾತ್ರ ಸುಮ್ಮನಿರಲಿಲ್ಲ. ಎರಡೂ ಔಷಧಿಗಳನ್ನು ಒಂದರಲ್ಲೇ ಬೆರೆಸಿ ಮಾಡಿದ ಜೋಡಿ ಮಾತ್ರೆಯನ್ನು ಭವನಕ್ಕೆ ತರಿಸಲು ಅವರು ಮೊದಲಿಂದಲೂ ಬೆನ್ನು ಹತ್ತಿದ್ದರು. ಅದು ಬಂದ ದಿನ ಡಬ್ಬಿಯನ್ನು ಕೈಯಲ್ಲೇ ಹಿಡಿದು ಲಿಫ್ಟು ಹತ್ತಿದರು. ಉಪನಿರ್ದೇಶಕರ ಕೋಣೆಗೆ ಲಿಫ್ಟಣ್ಣನನ್ನೂ ಕರೆದೊಯ್ದರು.

"ಒಬ್ಬ ರೋಗಿ, ಒಂದು ಕಾಯಿಲೆ, ಒಂದು ಮಾತ್ರೆ ಸರ್. ದಿನಕ್ಕೆ ಒಂದೇ ಸಲ. ಮರೆಯೋದೂ ಕಮ್ಮಿ. ನಿಮ್ಮ ನಿಯಮಕ್ಕೂ ಸರಿ, ನನ್ನ ವೈದ್ಯಕ್ಕೂ ಸರಿ. ಆ ಟೀಚರನ್ನ ಇನ್ನು ಬಿಟ್ಟುಬಿಡಿ."

ಉಪನಿರ್ದೇಶಕರು ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೋಡಲು ಒಂದೇ. ಒಳಗೆ ಎರಡು.

"ಇದರಲ್ಲಿ ಗಂಡನ ಔಷಧಿನೂ ಇದೆ, ಹೆಂಡತಿ ಔಷಧಿನೂ ಇದೆ ಅಂತಾಯ್ತು."

"ಎರಡೂ ಇವರದ್ದೇ ಸರ್."

"ಅದು ಹೇಗೆ ಡಾಕ್ಟ್ರೇ? ಇವನ ಕೈಗೆ ಇಡೀ ಮಾತ್ರೆ ಕೊಟ್ಟರೆ ಒಬ್ಬ ಮಹಿಳಾ ರೋಗಿಯ ಪಾಲನ್ನ ಕಿತ್ತುಕೊಂಡ ಹಾಗಾಗತ್ತೆ. ನಾಳೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?"

ಅಂದೇ ಆದೇಶ ಹೊರಟಿತು. ಜೋಡಿ ಮಾತ್ರೆಯನ್ನು ಇಬ್ಬರು ರೋಗಿಗಳ ಸಮಕ್ಷಮದಲ್ಲಿ ಸಮಪಾಲು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಹೋಳನ್ನು ನೀಡತಕ್ಕದ್ದು. ಈ ಕಾರ್ಯಕ್ಕಾಗಿ ಮಾತ್ರೆ ವಿಭಜನಾಧಿಕಾರಿ ಎಂಬ ಹುದ್ದೆಯನ್ನು ಸೃಜಿಸಲಾಗಿದೆ. ಕತ್ತರಿಸುವಾಗ ಉದುರುವ ಪುಡಿಯು ಭವನದ ಸ್ವತ್ತು.

ವಿಭಜನಾಧಿಕಾರಿ ಶಿಸ್ತಿನ ಮನುಷ್ಯ. ಹಸಿರು ಬಟ್ಟೆ ಹೊದಿಸಿದ ಮೇಜು, ಮೇಲೆ ಬಿಳಿ ತಟ್ಟೆ, ತಟ್ಟೆಯಲ್ಲಿ ಮಾತ್ರೆ. ಗಂಡ ಈ ಕಡೆ, ಹೆಂಡತಿ ಆ ಕಡೆ. ಅವನು ಭೂತಗನ್ನಡಿಯಲ್ಲಿ ನಡುಗೆರೆ ಹುಡುಕಿ, ಉಸಿರು ಬಿಗಿಹಿಡಿದು ಬ್ಲೇಡು ಒತ್ತುತ್ತಿದ್ದ. ಒಂದು ಹೋಳು ಮೇಜಿನಡಿ ಹಾರಿದರೆ ಮೂವರೂ ಮಂಡಿಯೂರಿ ಹುಡುಕುತ್ತಿದ್ದರು. ಹೋಳುಗಳಲ್ಲಿ ಒಂದು ಕೂದಲೆಳೆಯಷ್ಟು ದೊಡ್ಡದಾದ ದಿನ ಅವನು ಇಬ್ಬರನ್ನೂ ಕ್ಷಮೆ ಕೇಳುತ್ತಿದ್ದ.

ಅಲ್ಲಿಂದ ಹೊರಬಿದ್ದು ಮೆಟ್ಟಿಲ ತಿರುವಿಗೆ ಬಂದಕೂಡಲೇ ಹೆಂಡತಿ ತನ್ನ ಹೋಳನ್ನು ಗಂಡನ ಅಂಗೈಗೆ ಹಾಕುತ್ತಿದ್ದಳು. ಗಂಡ ಎರಡನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದ. ಇಡೀ ಭವನ ಸೇರಿ ಒಡೆದದ್ದು ಅವನ ಹೊಟ್ಟೆಯಲ್ಲಿ ಮತ್ತೆ ಒಂದಾಗುತ್ತಿತ್ತು.

"ಡಾಕ್ಟರಮ್ಮ ಏನಂತಾರೆ?" ಎಂದು ಒಮ್ಮೆ ಹೆಂಡತಿ ಕೇಳಿದಳು.

"ಈ ಮಾತ್ರೆ ಒಡೆದು ತಗೊಂಡರೂ ಏನೂ ಆಗಲ್ಲವಂತೆ. ಆದರೆ ಒಡೆಯೋದು ಯಾಕೆ ಅಂತ ಅವರಿಗಿನ್ನೂ ಅರ್ಥ ಆಗಿಲ್ಲವಂತೆ."

"ಪಾಪ, ಹೊಸಬರು," ಎಂದಳು ಹೆಂಡತಿ.

ವರ್ಷಾಂತ್ಯದ ವರದಿಯಲ್ಲಿ ಈ ಪ್ರಯೋಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. ಒಂದೇ ಮಾತ್ರೆಯಲ್ಲಿ ಇಬ್ಬರು ರೋಗಿಗಳ ರಕ್ತದೊತ್ತಡವನ್ನು ಹತೋಟಿಗೆ ತಂದ ಬೇರೆ ಸಂಸ್ಥೆ ಎಲ್ಲಿಯೂ ಇಲ್ಲವೆಂದು ಉಪನಿರ್ದೇಶಕರಿಗೆ ಶಾಲು ಹೊದಿಸಲಾಯಿತು. ಯೋಜನೆ ಎಲ್ಲ ನೌಕರರಿಗೂ ವಿಸ್ತರಣೆಯಾಯಿತು: ರಕ್ತದೊತ್ತಡವುಳ್ಳ ಪ್ರತಿಯೊಬ್ಬರೂ ಬಂಧುವೊಬ್ಬರನ್ನು ಕರೆತರತಕ್ಕದ್ದು, ಬಂಧುಗಳಿಲ್ಲದವರು ರಕ್ತದೊತ್ತಡವನ್ನು ತಂದುಕೊಳ್ಳತಕ್ಕದ್ದಲ್ಲ. ಬೆಳಗಾದರೆ ಲಿಫ್ಟಿನ ತುಂಬ ಜೋಡಿಗಳು. ಅಕ್ಕನನ್ನು ಕರೆತಂದ ತಮ್ಮ, ಮಾತು ಬಿಟ್ಟಿದ್ದ ದಾಯಾದಿಯನ್ನು ಕಾಲು ಹಿಡಿದು ಕರೆತಂದ ಗುಮಾಸ್ತ, ಮಾವನನ್ನು ಬೆನ್ನ ಮೇಲೆ ಹೊತ್ತು ತಂದ ಸೊಸೆ. ಮುರಿದುಬಿದ್ದ ಎಷ್ಟೋ ಸಂಬಂಧಗಳು ಆ ಲಿಫ್ಟಿನಲ್ಲಿ ಕುದುರಿದವು.

ಇಷ್ಟೆಲ್ಲ ಕೆಲಸದ ಭಾರದಿಂದ ಉಪನಿರ್ದೇಶಕರಿಗೇ ಒತ್ತಡ ಏರಿತು. ಡಾಕ್ಟರಮ್ಮ ಜೋಡಿ ಮಾತ್ರೆ ಬರೆದುಕೊಟ್ಟರು. ಅವರ ಪತ್ನಿ, ಗಂಡನ ಕಚೇರಿಯ ಯಾವ ಕಾಗದಕ್ಕೂ ತಾನು ಸಹಿ ಹಾಕುವವಳಲ್ಲ ಎಂದು ಮದುವೆಯ ಹೊಸತರಲ್ಲೇ ತೀರ್ಮಾನಿಸಿದ್ದ ಹೆಂಗಸು. ಬೇರೆ ದಾರಿಯಿಲ್ಲದೆ ಅವರು ಅತ್ತೆಯನ್ನು ಕರೆತಂದರು. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಕನ್ನಡಕ ಒರೆಸಿಕೊಂಡು, ಹಸಿರು ಮೇಜಿನ ಆ ಕಡೆ ಕೂತು ಕತ್ತರಿಸುವುದನ್ನು ಕಣ್ಣಿಟ್ಟು ನೋಡಿದರು. ತಮ್ಮ ಹೋಳು ಕೈಗೆ ಬಂದದ್ದೇ ತಡ, ನೀರು ಕೇಳಿದರು.

"ಅತ್ತೆ, ಅದನ್ನ ಇಲ್ಲಿ ಕೊಡಿ," ಎಂದರು ಉಪನಿರ್ದೇಶಕರು, ತಗ್ಗಿದ ದನಿಯಲ್ಲಿ.

"ಯಾಕೆ? ನನ್ನ ಹೆಸರಲ್ಲಿದೆ."

"ಅದು ಹೆಸರಿಗೆ ಅಷ್ಟೇ."

"ಅಳಿಯಂದಿರ ಮನೆಯಿಂದ ನನ್ನ ಕೈಗೆ ಬಂದಿರೋದು ಇದೊಂದೇ," ಎಂದು ಅತ್ತೆ ನುಂಗಿಬಿಟ್ಟರು.

ಗಾಬರಿಯಿಂದ ಬಂದ ಡಾಕ್ಟರಮ್ಮ ಅವರ ಒತ್ತಡ ನೋಡಿದರೆ ಅದು ಅಳಿಯನದಕ್ಕಿಂತ ಮೇಲಿತ್ತು. ಅವರಿಗೆ ಕಾಯಿಲೆ ಎಷ್ಟು ವರ್ಷದಿಂದ ಇತ್ತೋ, ಯಾರೂ ಪಟ್ಟಿ ಸುತ್ತಿ ನೋಡಿರಲಿಲ್ಲ. ಹೀಗೆ ಇಬ್ಬರಿಗೂ ಇಡೀ ಮಾತ್ರೆ ಬೇಕು, ಇಬ್ಬರಿಗೂ ದಕ್ಕುವುದು ಅರ್ಧ.

"ಒಬ್ಬೊಬ್ಬರಿಗೆ ಒಂದೊಂದು ಇಡೀ ಮಾತ್ರೆ ಕೊಟ್ಟರೆ ಆಯ್ತಲ್ಲ ಸರ್," ಎಂದರು ಡಾಕ್ಟರಮ್ಮ.

"ಸುಲಭದ ದಾರಿ ಒಂದು ಸಲ ಹಿಡಿದ್ರೆ ಆಮೇಲೆ ಎಲ್ಲರೂ ಅದನ್ನೇ ಕೇಳ್ತಾರೆ ಡಾಕ್ಟ್ರೇ."

ಉಪನಿರ್ದೇಶಕರು ಲಿಫ್ಟಿಗೆ ಬಂದಾಗ ಮುಖ ಬಿಳಿಚಿತ್ತು. ಲಿಫ್ಟಣ್ಣ ಎದ್ದು ಸ್ಟೂಲು ಬಿಟ್ಟುಕೊಟ್ಟ. ಅವರು ಕೂತು ಅವನ ಕಡೆ ತಿರುಗಿದರು.

"ನಿನ್ನ ಹೆಂಡತಿ ಆರೋಗ್ಯವಾಗಿದಾರಾ?"

"ತಮ್ಮ ಆದೇಶದ ಪ್ರಕಾರ ಇಲ್ಲ ಸರ್."

"ಆದೇಶ ಆಚೆಗಿಡು."

"ಆಚೆಗಿಟ್ಟರೆ ಕುದುರೆ ಹಾಗಿದಾಳೆ ಸರ್."

ವಾರ ಕಳೆಯುವುದರೊಳಗೆ ಪ್ರಕಟಣೆ ಬಿತ್ತು. ಆರೋಗ್ಯವಂತ ಬಂಧುಗಳ ತೀವ್ರ ಅಭಾವವನ್ನು ಮನಗಂಡು ಭವನವು 'ಸಹರೋಗಿ' ಎಂಬ ಕಾಯಂ ಹುದ್ದೆಯನ್ನು ಸೃಜಿಸಿದೆ. ಅರ್ಹತೆ: ಅಭ್ಯರ್ಥಿಗೆ ಯಾವ ರೋಗವೂ ಇರತಕ್ಕದ್ದಲ್ಲ, ಆದರೆ ರೋಗಿಯಾಗಿ ಅನುಭವ ಇರತಕ್ಕದ್ದು. ಸಹರೋಗಿಯು ಬೆಳಿಗ್ಗೆ ಹಸಿರು ಮೇಜಿನ ಬಳಿ ಹಾಜರಿದ್ದು, ಪ್ರತಿ ರೋಗಿಯ ಮಾತ್ರೆಯಲ್ಲಿ ತನ್ನ ಪಾಲನ್ನು ಪಡೆದು, ಮೆಟ್ಟಿಲ ತಿರುವಿನಲ್ಲಿ ಅದನ್ನು ಆಯಾ ರೋಗಿಗೆ ಒಪ್ಪಿಸತಕ್ಕದ್ದು. ಆರೋಗ್ಯ ಕಾಪಾಡಿಕೊಳ್ಳಲು ದಿನವೂ ಓಡತಕ್ಕದ್ದು. ಆರೋಗ್ಯವಾಗಿರುವವರೆಗೆ ಮಾತ್ರ ರೋಗಿಯಾಗಿ ಮುಂದುವರಿಯತಕ್ಕದ್ದು; ಕಾಯಿಲೆ ಬಿದ್ದಲ್ಲಿ ರೋಗಿಯ ಹುದ್ದೆಯಿಂದ ವಜಾ ಮಾಡಲಾಗುವುದು.

ಇಂಥ ಅರ್ಹತೆಯುಳ್ಳವಳು ಊರಿಗೆಲ್ಲ ಒಬ್ಬಳೇ ಇದ್ದಳು.

"ಬೇಡ ಅಂದರೆ ಬೇಡ," ಎಂದ ಲಿಫ್ಟಣ್ಣ. "ನನ್ನಿಂದ ನಿನಗೆ ಆಗಿರೋದೇ ಸಾಕು."

ಅವಳು ಪ್ರಕಟಣೆಯನ್ನು ಮತ್ತೆ ಓದಿದಳು. "ಮೈದಾನದಲ್ಲಿ ರೋಗಿ ಅಂತ ಕೂರಿಸ್ತಾರೆ. ಇಲ್ಲಿ ರೋಗಿಯಾಗಿರಬೇಕಾದ್ರೆ ಗಟ್ಟಿಯಾಗಿರಬೇಕಂತೆ, ದಿನಾ ಓಡಬೇಕಂತೆ. ಓಡೋಕೆ ಯಾರಾದ್ರೂ ಆದೇಶ ಕೊಟ್ಟರೆ ನಾನ್ಯಾಕೆ ಬೇಡ ಅನ್ಲಿ?"

ಭವನದ ತಾರಸಿಯ ಮೇಲೆ ಅವಳಿಗಾಗಿ ಸುಣ್ಣದ ಗೆರೆ ಎಳೆದು ಓಟದ ದಾರಿ ಮಾಡಿಸಿಕೊಟ್ಟರು. ಆಮೇಲೆ ಶಾಲೆಯ ಹುಡುಗಿಯರೂ ಅಲ್ಲಿಗೇ ಬರತೊಡಗಿದರು. ಮುಂದೆ ಸಹರೋಗಿಗಳಾಗಲು ತರಬೇತಿ ಎಂದು ಮುಖ್ಯೋಪಾಧ್ಯಾಯಿನಿ ಒಪ್ಪಿಗೆ ಕೊಟ್ಟಿದ್ದರು. ಮೇಲೆ ಸೀಟಿ ಊದಿದರೆ ನಾಲ್ಕನೇ ಮಹಡಿಯವರು ಬೆಚ್ಚಿಬಿದ್ದು ಕೆಲಸ ಶುರುಮಾಡುತ್ತಿದ್ದರು. ಲಿಫ್ಟಣ್ಣ ಹುಡುಗಿಯರನ್ನು ತುಂಬಿಕೊಂಡು ಮೇಲೆ ಬಿಡುವಾಗ ಶಿಳ್ಳೆ ಹಾಕುತ್ತಿದ್ದುದನ್ನು ಕೇಳಿದವರಿದ್ದಾರೆ. ಉಪನಿರ್ದೇಶಕರಿಗೂ ಅವರ ಅತ್ತೆಗೂ ಎರಡೆರಡು ಹೋಳು ಸಿಗತೊಡಗಿ, ಇಬ್ಬರ ಒತ್ತಡವೂ ಇಳಿಯಿತು.

ಡಾಕ್ಟರಮ್ಮ ಮೊದಮೊದಲು ತಿಂಗಳಿಗೊಂದು ಆಕ್ಷೇಪಣೆ ಬರೆದರು. ಪ್ರತಿಯೊಂದಕ್ಕೂ ವಂದನೆಗಳೊಡನೆ ಸ್ವೀಕೃತಿ ಬಂತು. ಒಂದು ಬೆಳಿಗ್ಗೆ ಅವರಿಗೆ ಹಿಂದಲೆ ಹಿಡಿದುಕೊಂಡಿತು. ಪಟ್ಟಿಯನ್ನು ತಮ್ಮ ತೋಳಿಗೆ ಸುತ್ತಿ ಗಾಳಿ ಹೊಡೆದರು. ಬಿಚ್ಚಿ ಮತ್ತೆ ಸುತ್ತಿದರು. ಹೊರಗೆ ಅಂಗಡಿಯಲ್ಲಿ ಒಂದು ಡಬ್ಬಿ ಕೊಂಡುಬಿಡಬಹುದಿತ್ತು. ಆದರೆ ಆಗ ಇಳಿದ ಒತ್ತಡ ಇಳಿದದ್ದಾಗುತ್ತಿರಲಿಲ್ಲ.

ಹಸಿರು ಮೇಜಿನ ಬಳಿ ಜನ ನೆರೆದಿದ್ದರು. ಡಾಕ್ಟರಮ್ಮ ಸಹರೋಗಿಯ ಪಕ್ಕ ಬಗ್ಗಿ, ಇತರರಿಗೆ ಕೇಳದಂತೆ ಕೇಳಿದರು.

"ನನ್ನದೂ ಒಂದು ಸೇರಿಸಿಕೊಳ್ತೀರಾ?"

"ಅದಕ್ಕೇನಂತೆ ಮೇಡಂ," ಎಂದಳು ಸಹರೋಗಿ. "ಕ್ಯೂನಲ್ಲಿ ಬನ್ನಿ."

ಡಾಕ್ಟರಮ್ಮ ಹಿಂದೆ ಹೋಗಿ, ಉಪನಿರ್ದೇಶಕರ ಅತ್ತೆಯ ಬೆನ್ನಿಗೆ ನಿಂತುಕೊಂಡರು.